ಹೋಂಸ್ಟೇ ತರಬೇತಿಯಲ್ಲಿ ಏನು ಕಲಿಸಬೇಕು? ಮಾಲೀಕರು ಹೇಳುವುದೊಂದು, ಬೇಕಾಗುವುದೊಂದು

ಘಟ್ಟದ ಮೇಷ್ಟ್ರು · ಸೋಮವಾರ, ರಾತ್ರಿ 9:10

ಮಲೆನಾಡಿನ ಒಂದು ಸಣ್ಣ ಸಂಸ್ಥೆಯಲ್ಲಿ ಹೋಂಸ್ಟೇ, ರೆಸಾರ್ಟ್ ಕೆಲಸಕ್ಕೆ ತರಬೇತಿ ಕೊಡುತ್ತೇವೆ. ಹನ್ನೆರಡು ವಾರ, ತಂಡಕ್ಕೆ ಇಪ್ಪತ್ತು ಮಂದಿ. ಹೆಚ್ಚಿನವರು ಪಿಯುಸಿ ಮುಗಿಸಿದವರು, ಇಲ್ಲವೇ ಅರ್ಧಕ್ಕೆ ಬಿಟ್ಟವರು. ಹೊಸ ತಂಡ ಬರುವ ಮೊದಲು ಪಾಠಪಟ್ಟಿಯನ್ನೇ ಬದಲಿಸೋಣ ಎಂದು ಸುತ್ತಮುತ್ತಲಿನ ಹನ್ನೊಂದು ಮಾಲೀಕರಿಗೆ ಪತ್ರ ಬರೆದೆ: "ನಿಮಗೆ ಎಂಥ ಕೆಲಸಗಾರರು ಬೇಕು, ದಯವಿಟ್ಟು ತಿಳಿಸಿ." ಆರು ಮಂದಿ ಉತ್ತರಿಸಿದರು. ಆರರಲ್ಲೂ ಅದೇ ಮೂರು ಮಾತು: ಒಳ್ಳೆಯ ನಡತೆ, ಇಂಗ್ಲಿಷ್, ಶ್ರದ್ಧೆ.

ಇದನ್ನಿಟ್ಟುಕೊಂಡು ವೇಳಾಪಟ್ಟಿ ಹಾಕುವುದು ಹೇಗೆ? ಸೋಮವಾರ ಹತ್ತರಿಂದ ಹನ್ನೊಂದರವರೆಗೆ ಶ್ರದ್ಧೆ ಎಂದು ಬರೆಯಲೇ?

ಹೋದ ವರ್ಷದ ಕಥೆಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನ್ಯಾಪ್ಕಿನ್ ಮಡಿಸಿ ಹಂಸ ಮಾಡುವುದಕ್ಕೆ ಒಂದೂವರೆ ದಿನ ಕೊಟ್ಟಿದ್ದೆವು. ಒಬ್ಬ ಹುಡುಗನ ಕೈಯಲ್ಲಿ ಅದು ಇನ್ನೇನು ಈಜಿಬಿಡುತ್ತದೆ ಅನ್ನುವ ಹಾಗೆ ಮೂಡುತ್ತಿತ್ತು. ಅವನನ್ನು ಕೆಲಸಕ್ಕೆ ತೆಗೆದುಕೊಂಡ ಮಾಲೀಕರು ಎರಡನೆಯ ವಾರ ಫೋನ್ ಮಾಡಿದರು. "ಮೇಷ್ಟ್ರೇ, ಹಂಸವೇನೋ ಸರಿ. ಗೀಸರ್ ಕೆಟ್ಟು ಅತಿಥಿ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತರೆ ನಿಮ್ಮ ಹುಡುಗ ನನ್ನ ಮುಖ ನೋಡುತ್ತಾನೆ."

ಆ ತಂಡದಲ್ಲಿ ಹದಿನೆಂಟು ಮಂದಿ ಕೆಲಸಕ್ಕೆ ಸೇರಿದ್ದರು. ದೀಪಾವಳಿಯ ಹೊತ್ತಿಗೆ ಉಳಿದವರು ಐವರು. ಈ ಕೆಲಸದಲ್ಲಿ ಇರುವವರು, ಇದ್ದು ಬಿಟ್ಟವರು, ಬೈಯುವುದಾದರೂ ಸರಿ, ಸ್ವಲ್ಪ ವಿವರವಾಗಿ ಹೇಳಿ.

ಕಾಫಿ ಕಣದವಳು · ಸೋಮವಾರ, ರಾತ್ರಿ 10:02

ಮೇಷ್ಟ್ರೇ, ನಿಮ್ಮ ಪತ್ರಕ್ಕೆ ಉತ್ತರಿಸದ ಐವರಲ್ಲಿ ನಾನೂ ಒಬ್ಬಳು. ಉದಾಸೀನ ಅಲ್ಲ. "ಎಂಥ ಕೆಲಸಗಾರರು ಬೇಕು" ಎಂದು ಕೇಳಿದರೆ ಯಾರಿಗಾದರೂ ಹೊಳೆಯುವುದು ಆ ಮೂರು ಮಾತೇ. "ನಿನ್ನೆ ಬೆಳಿಗ್ಗೆ ಏನಾಯಿತು" ಎಂದು ಕೇಳಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ. ಈಗ ಬರೆಯುತ್ತೇನೆ.

ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಕೆಲಸಕ್ಕೆ ಇಬ್ಬರು. ನಿನ್ನೆ ಐದೂಮುಕ್ಕಾಲಿಗೆ ಬಚ್ಚಲ ಒಲೆಗೆ ಬೆಂಕಿ ಹಾಕಬೇಕಿತ್ತು, ಸೌದೆ ಒದ್ದೆ. ಆರೂವರೆಗೆ ಎರಡನೆಯ ಕೋಣೆಯವರು ತೋಟ ಸುತ್ತಲು ಹೊರಟರು, ಕಾಲಿಗೆ ಚಪ್ಪಲಿ. ಮಳೆಗಾಲ, ಇಂಬಳ ಹತ್ತದೆ ಬಿಡುತ್ತದೆಯೇ? ಉದ್ದ ಕಾಲುಚೀಲ ಕೊಟ್ಟು, ಉಪ್ಪಿನ ಪೊಟ್ಟಣ ಕೈಗಿತ್ತು, ಹೆದರಿಸದೆ ಕಳುಹಿಸಬೇಕು. ಎಂಟಕ್ಕೆ ಅಕ್ಕಿ ರೊಟ್ಟಿ. ಒಂದು ಮಗುವಿಗೆ ಶೇಂಗಾ ಆಗುವುದಿಲ್ಲ ಎಂದು ತಾಯಿ ಹೇಳಿದ್ದು ನಮ್ಮ ಹುಡುಗನಿಗೆ, ಚಟ್ನಿ ಅರೆಯುತ್ತಿದ್ದದ್ದು ಇನ್ನೊಬ್ಬಳು. ಆ ಮಾತು ಅಂಗಳದಿಂದ ಅಡುಗೆಮನೆಗೆ ತಲುಪಲಿಲ್ಲ. ನಾನು ಸಮಯಕ್ಕೆ ಕೇಳಿಸಿಕೊಂಡೆ, ದೇವರು ದೊಡ್ಡವನು. ಹನ್ನೊಂದಕ್ಕೆ ಜರ್ಮನಿಯ ದಂಪತಿ ಬಂದರು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು, ನಮ್ಮ ಕಡೆ ಎಲ್ಲರೂ ಅದಕ್ಕೆ ಸಿ ಫಾರ್ಮ್ ಎನ್ನುವುದು. ನಮ್ಮ ಗುಡ್ಡದಲ್ಲಿ ಸಿಗ್ನಲ್ ಸಿಗುವುದು ಹಲಸಿನ ಮರದ ಕೆಳಗೆ ಮಾತ್ರ. ಪಾಸ್‌ಪೋರ್ಟಿನ ಯಾವ ಪುಟ, ವೀಸಾದ ಯಾವ ಸಂಖ್ಯೆ, ಇದು ನಿಮ್ಮ ಹನ್ನೆರಡು ವಾರದಲ್ಲಿ ಎಲ್ಲಾದರೂ ಇದೆಯೇ?

ನಿಮ್ಮವರು ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಅಡುಗೆ, ಬಡಿಸುವುದು ಎಂದು ನಾಲ್ಕು ಪುಸ್ತಕ ಇಟ್ಟುಕೊಂಡು ಬರುತ್ತಾರೆ. ನಮ್ಮಲ್ಲಿ ಈ ನಾಲ್ಕೂ ಒಬ್ಬನೇ ಹುಡುಗ, ಬೆಳಿಗ್ಗೆ ಎಂಟರೊಳಗೆ.

ಗಲ್ಲಾದ ಹಿಂದೆ · ಸೋಮವಾರ, ರಾತ್ರಿ 11:20

ಮೂವತ್ತು ವರ್ಷ ಹೋಟೆಲು, ರೆಸಾರ್ಟು ನಡೆಸಿದವನ ಮಾತು ಕೇಳಿ. ಕಲಿಸುವುದು ದೊಡ್ಡದಲ್ಲ. ಎರಡು ತಿಂಗಳಲ್ಲಿ ಯಾರಿಗೆ ಬೇಕಾದರೂ ಕಲಿಸುತ್ತೇನೆ. ನಿಲ್ಲುವವರು ಬೇಕು. ಊರಿನ ಹುಡುಗರು ಹಬ್ಬ ಬಂದರೆ ಇಲ್ಲ, ಮದುವೆ ಬಂದರೆ ಇಲ್ಲ, ಕೊಯ್ಲು ಬಂದರೆ ಮೊದಲೇ ಇಲ್ಲ. ನಮಗೆ ಗಿರಾಕಿ ಬರುವುದೇ ಹಬ್ಬದ ರಜೆಯಲ್ಲಿ. ಹಾಗಾಗಿ ಅಸ್ಸಾಮಿನವರನ್ನು, ನೇಪಾಳದವರನ್ನು ಇಟ್ಟುಕೊಂಡಿದ್ದೇವೆ. ಕೆಲಸ ಕಲಿತ ಊರಿನವನು ಆರನೆಯ ತಿಂಗಳಿಗೆ ಬೆಂಗಳೂರಿನ ಬಸ್ ಹತ್ತುತ್ತಾನೆ. ನಾನು ನಡತೆ ಎಂದು ಬರೆದದ್ದು ಇದಕ್ಕೇ. ನೀವು ನಗಾಡಿದಿರಿ.

ಲಿನನ್ ರೂಮು · ಮಂಗಳವಾರ, ಬೆಳಿಗ್ಗೆ 6:48

ಗಲ್ಲಾದ ಹಿಂದಿರುವ ಸರ್, ಗಲ್ಲಾದ ಮುಂದಿನಿಂದ ನೋಡಿದರೆ ಬೇರೆ ಕಾಣುತ್ತದೆ.

ನಾನು ಮೈಸೂರಿನಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕಿ. ಕೋಣೆ ಗುಡಿಸುವ ಕೆಲಸದಿಂದ ಮೇಲೆ ಬಂದವಳು. ದೊಡ್ಡ ಹೋಟೆಲಿನಲ್ಲಿ ಒಬ್ಬರಿಗೆ ಒಂದು ಪಾಳಿಗೆ ಹದಿನಾಲ್ಕು ಕೋಣೆ ಬರುವುದು ಸಾಮಾನ್ಯ. ಹೊಸದಾಗಿ ಬಂದ ಹುಡುಗಿ ಹಾಸಿಗೆಯ ಸುತ್ತ ಆರು ಸಲ ತಿರುಗುತ್ತಾಳೆ. ಕಲಿತವಳು ಒಂದು ಬದಿಯ ಹೊದಿಕೆ, ಮೂಲೆ, ದಿಂಬು ಎಲ್ಲ ಮುಗಿಸಿಯೇ ಇನ್ನೊಂದು ಬದಿಗೆ ಹೋಗುತ್ತಾಳೆ. ಹಾಸಿಗೆಯನ್ನು ಎತ್ತುವಾಗ ಸೊಂಟ ಬಗ್ಗಿಸುವುದಿಲ್ಲ, ಮೊಣಕಾಲು ಮಡಿಸುತ್ತಾಳೆ. ಈ ಎರಡನ್ನು ಮೊದಲ ವಾರವೇ ಕಲಿಸದಿದ್ದರೆ ಮೂರನೆಯ ವಾರ ಅವಳು ಬೆನ್ನು ನೋವು ಎಂದು ಊರಿಗೆ ಹೋಗುತ್ತಾಳೆ. ಆಗ ನೀವು "ಶ್ರದ್ಧೆ ಇಲ್ಲ" ಎನ್ನುತ್ತೀರಿ.

"ನಡತೆ" ಎಂಬ ಮೂಟೆಯನ್ನು ಒಮ್ಮೆ ಬಿಚ್ಚಿ ನೋಡಿ. ಒಳಗಿರುವುದು ಇಷ್ಟೇ: ಬರಲಾಗದಿದ್ದರೆ ಹಿಂದಿನ ರಾತ್ರಿಯೇ ತಿಳಿಸುವುದು. ಲೋಟ ಒಡೆದರೆ ಮುಚ್ಚಿಡದೆ ಹೇಳುವುದು. ಅತಿಥಿ ಕೂಗಾಡಿದರೆ ಎದುರು ಕೂಗಾಡದೆ, ಓಡಿಯೂ ಹೋಗದೆ, ನಿಂತು ಕೇಳುವುದು. ಬಾಗಿಲು ಬಡಿದು, ಉತ್ತರಕ್ಕೆ ಕಾದು ಒಳಗೆ ಹೋಗುವುದು. ಇವೆಲ್ಲ ಹುಟ್ಟುಗುಣಗಳಲ್ಲ, ಅಭ್ಯಾಸ ಮಾಡಿಸಬಹುದಾದ ಕೆಲಸಗಳು. ಲೋಟ ಒಡೆದದ್ದನ್ನು ಹೇಳಿದರೆ ಸಂಬಳದಲ್ಲಿ ಹಿಡಿಯುವ ಜಾಗದಲ್ಲಿ ಮಾತ್ರ ಅದನ್ನು ಯಾವ ತರಬೇತಿಯೂ ಕಲಿಸಲಾರದು.

ಪಾಠದ ಮೇಜು · ಮಂಗಳವಾರ, ಮಧ್ಯಾಹ್ನ 2:15

ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಕಾಫಿ ಕಣದ ಅಮ್ಮ ಹೇಳಿದ ನಾಲ್ಕು ಪುಸ್ತಕಗಳ ಬಗ್ಗೆ ನಾನೂ ಆರೋಪಿಯೇ. ಆ ನಾಲ್ಕು ವಿಭಾಗ ನಕ್ಷತ್ರ ಹೋಟೆಲುಗಳ ಅಳತೆಗೆ ಹೊಲಿದ ಅಂಗಿ. ಮೂರು ವರ್ಷದ ಪದವಿಗೆ ಅದು ಒಪ್ಪುತ್ತದೆ. ಅದನ್ನೇ ಕತ್ತರಿಸಿ ಹನ್ನೆರಡು ವಾರಕ್ಕೆ ಇಳಿಸಿದಾಗ ಉಳಿಯುವುದು ಹಂಸ. ಹಾಗೆಂದು ಅವಧಿ ಚಿಕ್ಕದಾದದ್ದೇ ತಪ್ಪು ಎನ್ನಬೇಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ 'ಹುನರ್ ಸೇ ರೋಜ್‌ಗಾರ್ ತಕ್' ಯೋಜನೆ ತಂದಾಗ ಎಂಟನೆಯ ತರಗತಿ ಓದಿದವರಿಗೆ ಅಡುಗೆಗೆ ಎಂಟು ವಾರ, ಬಡಿಸುವುದಕ್ಕೆ ಆರು ವಾರ ಇಟ್ಟಿದ್ದರು. ಒಂದೊಂದೇ ಕೆಲಸವನ್ನು ಹಿಡಿದದ್ದರಿಂದ ಅಷ್ಟು ವಾರದಲ್ಲಿ ಕೈ ಪಳಗುತ್ತಿತ್ತು. ಮೇಷ್ಟ್ರು ಎಲ್ಲವನ್ನೂ ಹಿಡಿಯಲು ಹೊರಟಿದ್ದಾರೆ, ಅಲ್ಲಿ ಕಷ್ಟ.

ಮೇಷ್ಟ್ರೇ, ಒಂದು ವಿಧಾನ ಹೇಳುತ್ತೇನೆ. ಹೆಸರು ಡೇಕಮ್. ಕೆನಡಾದಲ್ಲಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡದ್ದು. ಒಂದು ಕೆಲಸವನ್ನು ಚೆನ್ನಾಗಿ ಮಾಡುವವನೇ ಆ ಕೆಲಸವನ್ನು ಚೆನ್ನಾಗಿ ವಿವರಿಸಬಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಎಂಟು ಹತ್ತು ಮಂದಿ ನುರಿತ ಕೆಲಸಗಾರರನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ. ಮಾಲೀಕರನ್ನಲ್ಲ, ಮೇಷ್ಟರನ್ನಲ್ಲ, ಕೆಲಸ ಮಾಡುವವರನ್ನು. ಒಂದೊಂದು ಚೀಟಿಯ ಮೇಲೆ ಒಂದೊಂದು ಕೆಲಸ ಬರೆಸಿ ಗೋಡೆಗೆ ಅಂಟಿಸುತ್ತಾ ಹೋಗಿ. ನಿಯಮ ಒಂದೇ: ಪ್ರತಿ ಚೀಟಿಯೂ ಕಣ್ಣಿಗೆ ಕಾಣುವ ಒಂದು ಕ್ರಿಯೆಯಾಗಿರಬೇಕು. "ಸ್ವಚ್ಛತೆಯ ಅರಿವು" ಎಂದು ಬರೆದರೆ ಹರಿದು ಹಾಕಿ. "ಬಚ್ಚಲಿನ ಜಾಲರಿ ಎತ್ತಿ ಕೂದಲು ತೆಗೆಯುವುದು" ಎಂದರೆ ಇರಲಿ. ಕೊನೆಗೆ ಪ್ರತಿ ಚೀಟಿಗೂ ಎರಡು ಪ್ರಶ್ನೆ: ಇದು ಎಷ್ಟು ಸಲ ಬರುತ್ತದೆ, ತಪ್ಪಿದರೆ ಏನಾಗುತ್ತದೆ? ಶೇಂಗಾದ ಚೀಟಿ ತಿಂಗಳಿಗೊಮ್ಮೆ ಬರಬಹುದು, ಆದರೆ ತಪ್ಪಿದರೆ ಆಸ್ಪತ್ರೆ. ಅದಕ್ಕೆ ಸಮಯ ಕೊಡಿ. ಹಂಸ ತಪ್ಪಿದರೆ ಬಾತುಕೋಳಿ ಆಗುತ್ತದೆ, ಅಷ್ಟೇ.

ಇನ್ನು ಕಾನೂನಿನ ಒಂದು ಮಾತು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳುವುದು ಕಡ್ಡಾಯ, ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು. ನಾಲ್ಕರಿಂದ ಇಪ್ಪತ್ತೊಂಬತ್ತು ಇದ್ದರೆ ಅವರವರ ಇಷ್ಟ. ಇಬ್ಬರನ್ನು ಇಟ್ಟುಕೊಂಡ ಹೋಂಸ್ಟೇ ಈ ಲೆಕ್ಕಕ್ಕೇ ಬರುವುದಿಲ್ಲ. ಮಲೆನಾಡಿನಲ್ಲಿ ಕೆಲಸ ಇರುವುದು ಅಲ್ಲೇ!

ಹಡಗಿನ ಅಡುಗೆಯವ · ಮಂಗಳವಾರ, ರಾತ್ರಿ 12:40

ಕುಂದಾಪುರದ ಕಡೆಯವನು, ಪ್ರವಾಸಿ ಹಡಗಿನಲ್ಲಿ ಅಡುಗೆ ಕೆಲಸ. ಉದ್ಯೋಗದಾತನಿಗೆ ಏನು ಬೇಕು ಎಂಬುದು ಸಂದೇಹವೇ ಇಲ್ಲದಂತೆ ಬರೆದಿಟ್ಟಿರುವ ಜಾಗ ನೋಡಬೇಕಾದರೆ ಹಡಗಿಗೆ ಬನ್ನಿ. ದೋಸೆ ಹುಯ್ಯುವವನಾಗಲಿ, ಪಾತ್ರೆ ತೊಳೆಯುವವನಾಗಲಿ, ಎಸ್‌ಟಿಸಿಡಬ್ಲ್ಯು, ಅಂದರೆ ಹಡಗಿನ ಕೆಲಸಗಾರರಿಗೆಂದೇ ಇರುವ ಅಂತರರಾಷ್ಟ್ರೀಯ ನಿಯಮದ ಸುರಕ್ಷತಾ ತರಬೇತಿ ಇಲ್ಲದೆ ಕೆಲಸವಿಲ್ಲ. ನೀರಿಗೆ ಬಿದ್ದರೆ ಬದುಕುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ನಡೆದುಕೊಳ್ಳುವ ರೀತಿ. ಅಲ್ಲಿಗೆ ಮುಗಿಯಲಿಲ್ಲ, ಹಡಗು ಹತ್ತಿದ ಮೇಲೂ ಅಭ್ಯಾಸ ನಿಲ್ಲುವುದಿಲ್ಲ. ನನ್ನ ಜೇಬಿನಲ್ಲಿ ಚಮಚ ಇಲ್ಲದಿರಬಹುದು, ಥರ್ಮಾಮೀಟರ್ ಇರುತ್ತದೆ. 5 ಡಿಗ್ರಿ ಮತ್ತು 60 ಡಿಗ್ರಿಯ ನಡುವೆ ಆಹಾರ ಹೆಚ್ಚು ಹೊತ್ತು ನಿಂತರೆ ಕೆಡುತ್ತದೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಊರಿಗೆ ಬಂದಾಗ ಮದುವೆ ಮನೆಯಲ್ಲಿ ಸಾರಿಗೆ ಥರ್ಮಾಮೀಟರ್ ಅದ್ದಿ ಭಟ್ಟರಿಂದ ಬೈಸಿಕೊಂಡಿದ್ದೇನೆ.

ಆದರೆ ನನ್ನ ಅಜ್ಜ ಕಲಿತ ಶಾಲೆಯೂ ಸಣ್ಣದಲ್ಲ. ಅವರು ಉಡುಪಿ ಹೋಟೆಲಿನ ಮಾಣಿ. ಹತ್ತು ವರ್ಷದವರಿರುವಾಗ ಘಟ್ಟ ಹತ್ತಿದವರು. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ಸಪ್ಲೈ, ಆಮೇಲೆ ಒಲೆಯ ಹತ್ತಿರ, ಕೊನೆಗೆ ಗಲ್ಲಾ. ಐದು ಮೆಟ್ಟಿಲು. ಮಕ್ಕಳನ್ನು ದುಡಿಸಿಕೊಂಡ ಆ ಕಾಲ ಮತ್ತೆ ಬರುವುದು ಬೇಡವೇ ಬೇಡ, ಅಜ್ಜನೇ ಹಾಗೆ ಹೇಳುತ್ತಿದ್ದರು. ಮೆಟ್ಟಿಲು ಮಾತ್ರ ಬೇಕಿತ್ತು. ಲೋಟ ತೊಳೆಯುವವನಿಗೆ ಮುಂದಿನ ಮೆಟ್ಟಿಲು ಕಣ್ಣೆದುರಿಗೇ ಇರುತ್ತಿತ್ತು. ಗಲ್ಲಾದ ಹಿಂದಿನವರೇ, ನಿಮ್ಮ ರೆಸಾರ್ಟಿನಲ್ಲಿ ಊರಿನ ಹುಡುಗನಿಗೆ ಎರಡನೆಯ ಮೆಟ್ಟಿಲು ಯಾವುದು? ಎಷ್ಟನೆಯ ತಿಂಗಳಿಗೆ?

ಹಂಪಿ ಬಿಸಿಲು · ಬುಧವಾರ, ಬೆಳಿಗ್ಗೆ 7:30

ನಾನು ಗೈಡ್. ನನಗೆ ಉದ್ಯೋಗದಾತ ಎಂಬವನೇ ಇಲ್ಲ, ಒಂದು ದಿನ ಟ್ರಾವೆಲ್ಸ್‌ನವರು, ಇನ್ನೊಂದು ದಿನ ದಾರಿಯಲ್ಲಿ ಸಿಕ್ಕ ಕುಟುಂಬ. ಆದರೂ ಹೇಳುವುದಿದೆ.

ತರಬೇತಿಯಲ್ಲಿ ನಮಗೆ ಇಸವಿಗಳನ್ನು ತುಂಬಿದರು. ಕೃಷ್ಣದೇವರಾಯ 1509ರಿಂದ 1529, ಯುದ್ಧ 1565, ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986. ಎಲ್ಲವೂ ಬೇಕು, ನಾನು ಅಲ್ಲಗಳೆಯುವುದಿಲ್ಲ. ಆದರೆ ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಎಪ್ಪತ್ತು ದಾಟಿದ ಅಜ್ಜಿಯನ್ನು ಯಾವ ದಾರಿಯಲ್ಲಿ ಕರೆದುಕೊಂಡು ಹೋಗಬೇಕು, ನೆರಳು ಎಲ್ಲಿ ಸಿಗುತ್ತದೆ, ವಿಠ್ಠಲ ದೇವಸ್ಥಾನದ ಬ್ಯಾಟರಿ ಗಾಡಿಗೆ ಸಾಲು ಎಷ್ಟು ಉದ್ದ ಇರುತ್ತದೆ, ಶೌಚಾಲಯ ಎಲ್ಲಿದೆ? ಒಂದು ದಿನವೂ ಹೇಳಿಕೊಡಲಿಲ್ಲ. ಸಂಗೀತದ ಕಂಬಗಳನ್ನು ತಟ್ಟುವಂತಿಲ್ಲ. ಪ್ರತಿ ತಂಡದಲ್ಲೂ ಒಬ್ಬರು "ಒಂದೇ ಸಲ" ಎಂದು ಕೈ ಚಾಚುತ್ತಾರೆ, ಜೊತೆಗೆ ನೋಟು ಚಾಚುವವರೂ ಉಂಟು. ಅವರಿಗೆ ಮುಜುಗರವಾಗದಂತೆ ಕಂಬದಿಂದ ಕೈ ಹಿಂದಕ್ಕೆ ತರಿಸುವುದು ಒಂದು ವಿದ್ಯೆ. ನಾನು ಅದನ್ನು ಒಬ್ಬ ಹಿರಿಯ ಗೈಡ್ ಹಿಂದೆ ಆರು ತಿಂಗಳು ತಿರುಗಿ ಕಲಿತೆ. ಅವರು ಬೇಡ ಅನ್ನುತ್ತಿರಲಿಲ್ಲ. "ಬನ್ನಿ, ಈ ಕುದುರೆಯ ಹಲ್ಲು ನೋಡಿ" ಎಂದು ಪಕ್ಕದ ಕಂಬಕ್ಕೆ ಕರೆದೊಯ್ಯುತ್ತಿದ್ದರು.

ಮೇಷ್ಟ್ರೇ, ಹನ್ನೆರಡು ವಾರದಲ್ಲಿ ನಾಲ್ಕು ವಾರವಾದರೂ ಯಾರಾದರೊಬ್ಬರ ಹಿಂದೆ ತಿರುಗಾಡಲು ಬಿಡಿ.

ಕಾಫಿ ಕಣದವಳು · ಬುಧವಾರ, ಮಧ್ಯಾಹ್ನ 3:05

ಇಂಗ್ಲಿಷ್ ವಿಷಯ ಯಾರೂ ಎತ್ತಲಿಲ್ಲ. ನನ್ನಲ್ಲಿ ಬರುವ ಹತ್ತರಲ್ಲಿ ಏಳು ಕಾರು ಬೆಂಗಳೂರಿನವು. ಅವರಲ್ಲಿ ಅರ್ಧ ಮಂದಿ ಕನ್ನಡದವರೇ. ತರಬೇತಿ ಮುಗಿಸಿ ಬಂದ ಹುಡುಗ ಹಾಸನದ ಅಜ್ಜನಿಗೂ "ಗುಡ್ ಈವ್ನಿಂಗ್ ಸರ್, ಹೌ ವಾಸ್ ಯುವರ್ ಜರ್ನಿ" ಎಂದ. ಅಜ್ಜ ಇವನನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾರ ಮಗನಪ್ಪ?" ಎಂದರು. ಹುಡುಗ ಬೆವರಿದ.

ಇಂಗ್ಲಿಷಿನಲ್ಲಿ ನಲವತ್ತು ವಾಕ್ಯ ಸಾಕು, ಹಿಂದಿಯಲ್ಲಿ ಇಪ್ಪತ್ತು. ಅವು ವ್ಯಾಕರಣದ ಪುಸ್ತಕದಲ್ಲಿಲ್ಲ, ನಮ್ಮ ಅಂಗಳದಲ್ಲಿವೆ. "ಕರೆಂಟು ಹೋಗಿದೆ, ಹತ್ತು ನಿಮಿಷದಲ್ಲಿ ಬರುತ್ತದೆ ಎಂದು ನಾನು ಹೇಳಲಾರೆ, ಮೇಣದ ಬತ್ತಿ ತರುತ್ತೇನೆ." ಇದನ್ನು ನಗುತ್ತಾ ಹೇಳಲು ಬಂದರೆ ನನಗೆ ಅವನೇ ಪದವೀಧರ.

ಹಂಸ · ಬುಧವಾರ, ರಾತ್ರಿ 11:52

ಈ ವೇದಿಕೆಗೆ ಇವತ್ತೇ ಸೇರಿದೆ. ಮೇಷ್ಟ್ರೇ, ನಮಸ್ಕಾರ. ಆ ಹಂಸ ಮಾಡುತ್ತಿದ್ದವನು ನಾನೇ. ಈಗ ಬೆಂಗಳೂರಿನಲ್ಲಿ ಒಂದು ದರ್ಶಿನಿಯಲ್ಲಿದ್ದೇನೆ. ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಗೀಸರ್ ಕೆಟ್ಟಾಗ ಮಾಲೀಕರ ಮುಖ ನೋಡಿದ್ದು ನಿಜ. ಅದಕ್ಕೆ ಹಿಂದಿನ ವಾರ ಹೀಗಾಗಿತ್ತು. ಒಂದು ಕೋಣೆಯಲ್ಲಿ ಬಿಸಿನೀರು ಬರಲಿಲ್ಲ. ಪಕ್ಕದ ಕೋಣೆ ಖಾಲಿ ಇತ್ತು. ನಾನು ಅತಿಥಿಗೆ ಅದರ ಕೀಲಿ ಕೊಟ್ಟು, ಅಲ್ಲಿ ಸ್ನಾನ ಮಾಡಿ ಸರ್ ಎಂದೆ. ಅತಿಥಿ ಖುಷಿಯಾದರು. ಮಾಲೀಕರು ಸಂಜೆ ಬಂದು, "ಯಾರನ್ನು ಕೇಳಿ ಕೀಲಿ ಕೊಟ್ಟೆ? ಈಗ ಎರಡು ಕೋಣೆ ತೊಳೆಸಬೇಕು" ಎಂದು ಎಲ್ಲರ ಮುಂದೆ ಬೈದರು. ಮುಂದಿನ ವಾರ ಅದೇ ಆದಾಗ ನಾನು ಕೇಳದೆ ಏನನ್ನೂ ಮುಟ್ಟಲಿಲ್ಲ. ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು ಮೇಷ್ಟ್ರೇ. ಮಾಡಬಹುದೇ ಎಂದು ಗೊತ್ತಿರಲಿಲ್ಲ.

ಬಿಟ್ಟದ್ದು ಅದಕ್ಕಲ್ಲ. ಕೊನೆಯ ಬಸ್ ಏಳೂವರೆಗೆ, ಊಟ ಬಡಿಸಿ ಮುಗಿಯುವುದು ಹತ್ತಕ್ಕೆ. ಮಲಗಲು ಕೊಟ್ಟದ್ದು ಜನರೇಟರ್ ಪಕ್ಕದ ಶೆಡ್. ನಮ್ಮ ತಂಡದ ಹುಡುಗಿಯರು ಮೊದಲು ಬಿಟ್ಟದ್ದೂ ಬಸ್ಸಿನ ಕಾರಣಕ್ಕೇ. ಇಲ್ಲಿ ಸಂಬಳ ಬಹಳ ಹೆಚ್ಚೇನೂ ಇಲ್ಲ. ಆದರೆ ವಾರದ ರಜೆ ಯಾವ ದಿನ ಎಂದು ಗೊತ್ತಿರುತ್ತದೆ.

ನೀವು ಕಲಿಸಿದ್ದರಲ್ಲಿ ಉಪಯೋಗಕ್ಕೆ ಬಂದದ್ದು, ನೀವೇ ಕೋಪದ ಅತಿಥಿಯಾಗಿ ನಟಿಸಿ ಸಾಂಬಾರು ಉಪ್ಪಾಗಿದೆ ಎಂದು ಕೂಗಾಡಿದಿರಲ್ಲ, ಅದು. ದಿನಾ ಬರುತ್ತದೆ.

ಲಿನನ್ ರೂಮು · ಗುರುವಾರ, ಬೆಳಿಗ್ಗೆ 6:30

"ಮಾಡಬಹುದೇ ಎಂದು ಗೊತ್ತಿರಲಿಲ್ಲ." ತಮ್ಮಾ, ಇದನ್ನು ಮಾಲೀಕರ ಬಾಗಿಲಿಗೆ ಅಂಟಿಸಬೇಕು.

ಗಲ್ಲಾದ ಹಿಂದೆ · ಗುರುವಾರ, ಬೆಳಿಗ್ಗೆ 9:15

ಎರಡು ದಿನದಿಂದ ಬೈಸಿಕೊಳ್ಳುತ್ತಿದ್ದೇನೆ, ಇರಲಿ. ಕೀಲಿ ಕೊಟ್ಟದ್ದಕ್ಕೆ ನಾನಾಗಿದ್ದರೂ ಬೈಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ರಾತ್ರಿ ಯೋಚಿಸಿದೆ. ಅತಿಥಿ ಆ ಹೊತ್ತಿಗೆ ಹೋಗಿಬಿಟ್ಟಿದ್ದರೆ ನನಗೆ ಎಷ್ಟು ನಷ್ಟ, ಕೋಣೆ ತೊಳೆಸಲು ಎಷ್ಟು ಖರ್ಚು? ಹುಡುಗನ ಲೆಕ್ಕವೇ ಸರಿ.

ಮೇಷ್ಟ್ರೇ, ನಾಲ್ಕು ವಾರಕ್ಕೆ ನಾಲ್ಕು ಮಂದಿಯನ್ನು ಕಳುಹಿಸಿ. ಊಟ, ವಸತಿ ನನ್ನದು.

ಘಟ್ಟದ ಮೇಷ್ಟ್ರು · ಗುರುವಾರ, ಬೆಳಿಗ್ಗೆ 9:40

ವಸತಿ ಎಂದರೆ ಜನರೇಟರ್ ಪಕ್ಕವೇ?

ಗಲ್ಲಾದ ಹಿಂದೆ · ಗುರುವಾರ, ಬೆಳಿಗ್ಗೆ 9:52

ಕಿಟಕಿ ಇರುವ ಕೋಣೆ. ಭತ್ಯೆಯನ್ನೂ ಕೊಡುತ್ತೇನೆ, ಫೋನಿನಲ್ಲಿ ಮಾತಾಡೋಣ, ಇಲ್ಲಿ ಬೇಡ.

ಪಾಠದ ಮೇಜು · ಗುರುವಾರ, ಬೆಳಿಗ್ಗೆ 11:10

ಅಪ್ರೆಂಟಿಸ್ ಎಂದು ನೋಂದಾಯಿಸಿ ಸರ್. ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಭತ್ಯೆಯ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರ ಭರಿಸುತ್ತದೆ. ಆದರೆ ಅದಕ್ಕೆ ನಾಲ್ಕು ವಾರ ಸಾಲದು, ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕಾಗುತ್ತದೆ. ನಿಮಗೂ ನಿಲ್ಲುವವರೇ ತಾನೇ ಬೇಕಾಗಿದ್ದದ್ದು?

ಘಟ್ಟದ ಮೇಷ್ಟ್ರು · ಶುಕ್ರವಾರ, ರಾತ್ರಿ 8:25

ಎಲ್ಲರಿಗೂ ಋಣಿ. ಹಂಸ, ನಿನಗೆ ಬೇರೆಯಾಗಿ ಫೋನ್ ಮಾಡುತ್ತೇನಪ್ಪ. ಆ ಕೀಲಿಯ ಕಥೆಯನ್ನು ನಾನು ಆಗಲೇ ನಿನ್ನಿಂದ ಕೇಳಬೇಕಿತ್ತು, ಮಾಲೀಕರ ಫೋನನ್ನಷ್ಟೇ ನಂಬಿದೆ.

ಮುಂದಿನ ಶನಿವಾರ, ಭಾನುವಾರ ಚೀಟಿ ಅಂಟಿಸುವ ಕೆಲಸ. ಒಂಬತ್ತು ಮಂದಿ ಕೆಲಸಗಾರರು ಒಪ್ಪಿದ್ದಾರೆ, ಅದರಲ್ಲಿ ಇಬ್ಬರು ಅಸ್ಸಾಮಿನವರು, ಆರು ವರ್ಷದಿಂದ ಇಲ್ಲೇ ಇದ್ದಾರೆ, ಕನ್ನಡ ನನಗಿಂತ ಗಟ್ಟಿ. ಆ ಎರಡು ದಿನದ ಕೂಲಿಯನ್ನು ಸಂಸ್ಥೆ ಕೊಡುತ್ತದೆ. ಮಾಲೀಕರಿಗೆ ಮೊದಲ ದಿನ ಪ್ರವೇಶವಿಲ್ಲ, ಎರಡನೆಯ ದಿನ ಸಂಜೆ ಗೋಡೆ ನೋಡಲು ಬರಬಹುದು.

ಈಗಾಗಲೇ ಖಚಿತವಾದದ್ದು: ತರಗತಿ ಆರು ವಾರಕ್ಕೆ ಇಳಿಯುತ್ತದೆ, ಉಳಿದ ಆರು ವಾರ ಕೆಲಸದ ಜಾಗದಲ್ಲಿ, ಒಬ್ಬ ಹಿರಿಯರ ಹಿಂದೆ. ಸಿ ಫಾರ್ಮ್ ತುಂಬುವುದು ಸೇರಿತು. ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಗಾಳಿಗಿಂಡಿ ಮುಚ್ಚಿದ್ದರೆ ವಿಷಾನಿಲ ತುಂಬಿ ಜೀವ ಹೋಗುತ್ತದೆ ಎಂಬುದಕ್ಕೆ ಒಂದು ಪೂರ್ತಿ ಬೆಳಿಗ್ಗೆ. ನ್ಯಾಪ್ಕಿನ್ ಹೋಯಿತು. ಮಾಲೀಕರು ಹುಡುಗರನ್ನು ತೆಗೆದುಕೊಳ್ಳುವ ಮೊದಲು ಒಂದು ಹಾಳೆ ತುಂಬಿಕೊಡಬೇಕು: "ನನ್ನನ್ನು ಕೇಳದೆ ಇವನು ಏನೇನು ಮಾಡಬಹುದು." ಕೊನೆಯ ಬಸ್ ಸಮಯವೂ ಅದೇ ಹಾಳೆಯಲ್ಲಿ. ಆ ಹಾಳೆ ಬಾರದಿದ್ದರೆ ಹುಡುಗರೂ ಇಲ್ಲ.

ಬಿಚ್ಚಿ ತೋರಿಸಲು ಒಂದು ಕೆಟ್ಟ ಗೀಸರ್ ಬೇಕಾಗಿದೆ. ಯಾರಲ್ಲಾದರೂ ಇದೆಯೇ?

ಗಲ್ಲಾದ ಹಿಂದೆ · ಶುಕ್ರವಾರ, ರಾತ್ರಿ 9:48

ಹಾಳೆ ತುಂಬಿದ್ದೇನೆ, ಇಲ್ಲಿಯೇ ಹಾಕುತ್ತೇನೆ, ಆಮೇಲೆ ಯಾರೂ ಬಾಯಿಗೆ ಬಂದದ್ದು ಹೇಳಬಾರದು. ಕೇಳದೆ ಖಾಲಿ ಕೋಣೆಯ ಕೀಲಿ ಕೊಡಬಹುದು. ಕೇಳದೆ ಐನೂರು ರೂಪಾಯಿಯವರೆಗೆ ಬಿಲ್ಲಿನಲ್ಲಿ ಬಿಡಬಹುದು. ಕೇಳದೆ ವೈದ್ಯರಿಗೆ ಫೋನ್ ಮಾಡಬಹುದು. ಕುಡಿದು ಬಂದವರಿಗೆ ಈಜುಕೊಳದ ಬಾಗಿಲು ತೆಗೆಯದಿರಬಹುದು, ಅವರು ಯಾರ ಹೆಸರು ಹೇಳಿದರೂ. ಇನ್ನೂ ಇವೆ, ನೆನಪಾದ ಹಾಗೆ ಸೇರಿಸುತ್ತೇನೆ.

ಕಾಫಿ ಕಣದವಳು · ಶುಕ್ರವಾರ, ರಾತ್ರಿ 10:05

ಕೆಟ್ಟ ಗೀಸರ್ ನನ್ನಲ್ಲಿ ಎರಡಿವೆ ಮೇಷ್ಟ್ರೇ. ಸೋಮವಾರ ಹಾಲಿನ ಜೀಪಿನಲ್ಲಿ ಕಳುಹಿಸುತ್ತೇನೆ. ವಾಪಸು ಬೇಡ.